ಬಾಕಿ ಪುಸ್ತಕ ಮತ್ತು ಪರಲೋಕದ ಸಮಾಧಾನ

ದಾವಣಗೆರೆಯ ಎಪಿಎಂಸಿ ಪ್ರಾಂಗಣದ ಒಂದು ದಲಾಲಿ ಮಂಡಿಯಲ್ಲಿ 31 ವರ್ಷಗಳಿಂದ ಗುಮಾಸ್ತನಾಗಿ ಲೆಕ್ಕ ಬರೆಯುತ್ತಿದ್ದೇನೆ. ಮೆಕ್ಕೆಜೋಳದ ಸುಗ್ಗಿ ಶುರುವಾಯಿತೆಂದರೆ, ದಸರಾ ಕಳೆದು ಸಂಕ್ರಾಂತಿ ಬರುವವರೆಗೆ, ನಮ್ಮಂಥವರಿಗೆ ಹೊತ್ತು ಹುಟ್ಟಿದ್ದೂ ಮುಳುಗಿದ್ದೂ ಗೊತ್ತಾಗುವುದಿಲ್ಲ. ಬೆಳಿಗ್ಗೆ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ, ತೇವಾಂಶ ನೋಡುತ್ತಾರೆ, ಟೆಂಡರ್ ಆಗುತ್ತದೆ, ತೂಕವಾಗುತ್ತದೆ. ಆಮೇಲೆ ರೈತರ ಪಟ್ಟಿ, ಹಮಾಲಿ, ಬಾಡಿಗೆ, ಮುಂಗಡದ ಮುರಿತ ಇವೆಲ್ಲ ನನ್ನ ಮೇಜಿಗೆ ಬಂದು ಬೀಳುತ್ತವೆ. ಈಗ ಕಂಪ್ಯೂಟರ್ ಬಂದಿದೆ. ಆದರೂ ನಮ್ಮ ಸಾಹುಕಾರರ ನಂಬಿಕೆ ಇನ್ನೂ ಕೆಂಪು ಬಟ್ಟೆಯ ರಟ್ಟಿನ ಕಿರ್ದಿ ಪುಸ್ತಕದ ಮೇಲೆಯೇ ಇರುವುದರಿಂದ, ಸಂಜೆ ನಾನು ಕೈಯಲ್ಲೂ ಒಮ್ಮೆ ಲೆಕ್ಕ ಬರೆದು ಜಮಾ-ಖರ್ಚು ಕೂಡಿಸಿಯೇ ಏಳಬೇಕು.

ಒಂದು ಸಂಜೆ 270 ರೂಪಾಯಿ ವ್ಯತ್ಯಾಸ ಬಂತು. ವ್ಯತ್ಯಾಸವು 9ರಿಂದ ಶೇಷವಿಲ್ಲದೆ ಭಾಗವಾದರೆ ಎಲ್ಲೋ ಎರಡು ಅಂಕಿಗಳು ಜಾಗ ಬದಲಾಯಿಸಿಕೊಂಡಿರಬಹುದು ಎಂದು ನನಗೆ ಕೆಲಸ ಕಲಿಸಿದ ಹಿರಿಯ ಗುಮಾಸ್ತರು ಹೇಳಿಕೊಟ್ಟಿದ್ದರು. ಕನ್ನಡಕ ಒರೆಸಿಕೊಂಡು ಮತ್ತೆ ಮೇಲಿನಿಂದ ಬೆರಳಿಟ್ಟು ಇಳಿದೆ. ಹಮಾಲಿಯ ಸಾಲಿನಲ್ಲಿ 3,580 ಎಂದಿರಬೇಕಾದದ್ದು 3,850 ಆಗಿತ್ತು. ತಿದ್ದಿದೆ. ಎರಡೂ ಕಡೆಯ ಮೊತ್ತ ಒಂದೇ ಆಯಿತು. ಅಂಥ ಹೊತ್ತಿನಲ್ಲಿ ಎದೆಯೊಳಗೆ ಏನೋ ಒಂದು ತನ್ನ ಜಾಗಕ್ಕೆ ಬಂದು ಕುಳಿತಂತಾಗುತ್ತದೆ. ಹೊರಗೆ ಲಾರಿಗಳ ಹಾರನ್ನು, ಹಮಾಲರ ಕೂಗಾಟ, ಚಹಾದ ಹುಡುಗನ ಗದ್ದಲ ಎಲ್ಲ ಮೊದಲಿನಂತೆಯೇ ಇದ್ದರೂ ಒಳಗೆ ಒಂದು ಬಗೆಯ ಮೌನವಿರುತ್ತದೆ. ನಾನು ಕ್ರೈಸ್ತ. ಪ್ರಭು ಯೇಸು ಕೊಡುತ್ತೇನೆಂದ ಶಾಂತಿಯ ಬಗ್ಗೆ ಚಿಕ್ಕಂದಿನಿಂದ ಕೇಳಿ ಬೆಳೆದವನು. ಹಾಗಿದ್ದೂ ಬಹಳ ವರ್ಷ ನನಗೆ ಆ ಶಾಂತಿಗಿಂತ ಈ ಕಿರ್ದಿಯ ಶಾಂತಿಯೇ ಹೆಚ್ಚು ಪರಿಚಿತವಾಗಿತ್ತು ಎಂಬುದನ್ನು ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ.

ಆ ಎರಡೂ ಒಂದಕ್ಕೊಂದು ಇಷ್ಟು ಹತ್ತಿರದವು ಎಂದು ತಿಳಿಯಲು ನನಗೆ ಒಂದು ಸಾಲ ಬೇಕಾಯಿತು.

2017ರ ಜೂನ್‌ನಲ್ಲಿ, ಚಿತ್ರದುರ್ಗದಲ್ಲಿರುವ ನನ್ನ ತಮ್ಮ ಒಂದು ಗೂಡ್ಸ್ ಗಾಡಿ ಕೊಳ್ಳುವುದಕ್ಕೆಂದು ನನ್ನಿಂದ 1,80,000 ರೂಪಾಯಿ ಪಡೆದ. ಮಗನ ಓದಿಗೆಂದು ಕೂಡಿಟ್ಟ ಹಣ ಅದು. ವರ್ಷದೊಳಗೆ ಕೊಡುತ್ತೇನೆಂದ, ಕೊಡಲಾಗಲಿಲ್ಲ. ಮರುವರ್ಷವೂ ಆಗಲಿಲ್ಲ. ನಾನು ಬಾಯಿಬಿಟ್ಟು ಕೇಳಲಿಲ್ಲ, ಆದರೆ ಸುಮ್ಮನೆಯೂ ಇರಲಿಲ್ಲ. ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಒಂದು ಸಣ್ಣ ನೋಟ್‌ಬುಕ್ ಇಟ್ಟು, ಅದರಲ್ಲಿ ತಮ್ಮನ ಹೆಸರಿಗೆ ಒಂದು ಖಾತೆ ತೆರೆದು, ನೂರಕ್ಕೆ ತಿಂಗಳಿಗೆ ಒಂದು ರೂಪಾಯಿಯಂತೆ ಬಡ್ಡಿ ಹಾಕತೊಡಗಿದೆ. ಬಡ್ಡಿಯ ಮಾತನ್ನು ನಾವಿಬ್ಬರೂ ಎಂದೂ ಆಡಿರಲಿಲ್ಲ. ತಿಂಗಳಿಗೆ 1,800. ಪ್ರತಿ ತಿಂಗಳ ಮೊದಲ ತಾರೀಖು ಹೆಂಡತಿ ಮಲಗಿದ ಮೇಲೆ ಆ ಪುಸ್ತಕ ತೆಗೆದು ಒಂದು ಸಾಲು ಬರೆದಿಡುತ್ತಿದ್ದೆ. ಅದನ್ನು ಬರೆಯುವಾಗ ಸಿಗುತ್ತಿದ್ದ ಸುಖಕ್ಕೆ ಏನು ಹೆಸರಿಡಬೇಕೋ ತಿಳಿಯದು. ಹುಣ್ಣಿನ ಹಕ್ಕಳೆಯನ್ನು ಉಗುರಿನಿಂದ ಕೆರೆದಾಗ ಸಿಗುವ ಸುಖದಂಥದ್ದು.

2019ರ ಆಗಸ್ಟ್‌ನಲ್ಲಿ ಅವ್ವ ತೀರಿಕೊಂಡಳು. ಅವಳ ತಿಂಗಳ ಪೂಜೆಯ ದಿನ ಊಟಕ್ಕೆ ಎಲೆ ಹಾಕಿದ್ದಾಗ, ನೆಂಟರಿಷ್ಟರು ಕುಳಿತಿದ್ದಾಗ, ಆ ದಿನದ ಖರ್ಚಿನ ಮಾತು ಬಂದು ನಾನು ತಮ್ಮನಿಗೆ, “ನಿನ್ನ ಪಾಲು ನನ್ನ ಬಾಕಿಯಲ್ಲೇ ಮುರಿದುಕೋತೀನಿ ಬಿಡು” ಎಂದುಬಿಟ್ಟೆ. ಅವನು ಏನೂ ಹೇಳಲಿಲ್ಲ. ಎಲೆಯ ಮುಂದಿನಿಂದ ಎದ್ದು ಕೈತೊಳೆದುಕೊಂಡು, ಹೆಂಡತಿ ಮಗಳನ್ನು ಕರೆದುಕೊಂಡು ಬಸ್ಸು ಹತ್ತಿದ. ಅವ್ವನ ಹೆಸರಿನ ಅನ್ನವನ್ನು ಅವನು ಉಣ್ಣಲಿಲ್ಲ. ದಾವಣಗೆರೆಗೂ ಚಿತ್ರದುರ್ಗಕ್ಕೂ ಹೆದ್ದಾರಿಯಲ್ಲಿ ಹೆಚ್ಚೆಂದರೆ ಒಂದೂಕಾಲು ಗಂಟೆಯ ದಾರಿ. ಮೂರು ವರ್ಷ ನಾವಿಬ್ಬರೂ ಅದನ್ನು ದಾಟಲಿಲ್ಲ.

ಆ ಮೂರು ವರ್ಷವೂ ನಾನು ಭಾನುವಾರದ ಬಲಿಪೂಜೆ, ಅಂದರೆ ಚರ್ಚಿನ ಆರಾಧನೆ, ತಪ್ಪಿಸಿದವನಲ್ಲ. ಸಂಜೆಯ ಜಪಸರ ಬಿಟ್ಟವನಲ್ಲ. ದೇವರಲ್ಲಿ ಬೇಡಿಕೊಳ್ಳುತ್ತಿದ್ದದ್ದೂ ಒಂದೇ, ನನಗೆ ಮನಶ್ಶಾಂತಿ ಕೊಡಿ ಎಂದು. ರಾತ್ರಿ ಮೂರು ಗಂಟೆಗೆ ಎಚ್ಚರವಾಗುತ್ತಿತ್ತು. ಡಾಕ್ಟರು ಬಿ.ಪಿ. ಮಾತ್ರೆ ಬರೆದುಕೊಟ್ಟರು. ಯಾರೋ ಹೇಳಿದರೆಂದು ಬೆಳಿಗ್ಗೆ ಕುಂದವಾಡ ಕೆರೆಯ ಏರಿಯ ಮೇಲೆ ನಡೆದೂ ನೋಡಿದೆ. ಕೆರೆ ಶಾಂತವಾಗಿಯೇ ಇತ್ತು, ಅದರ ಮಾತು ಬೇರೆ.

ಈಗ ಅವ್ವನ ಬಗ್ಗೆ ನಾಲ್ಕು ಮಾತು ಹೇಳಲೇಬೇಕು, ಏಕೆಂದರೆ ನಾನು ಬೇಡುತ್ತಿದ್ದ ವಸ್ತು ಅವಳ ಬಳಿ ಇತ್ತು. ನಮ್ಮ ಅಪ್ಪ ಗಿರಣಿಯ ಕಾರ್ಮಿಕ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿ, ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಕಾಲದಲ್ಲಿ ಬರಬೇಕಾದ ಹಣವೂ ಪೂರ್ತಿ ಬಾರದೆ ಮನೆಯಲ್ಲಿ ಕುಳಿತವರು. ಆಗ ಅವ್ವ ಮಂಡಕ್ಕಿ ಭಟ್ಟಿಗೆ ಕೂಲಿಗೆ ಹೋದಳು. ಭಟ್ಟಿಯನ್ನು ನೋಡದವರಿಗೆ ಹೇಳಬೇಕೆಂದರೆ, ಉಪ್ಪುನೀರು ಹಿಡಿಸಿ ಒಣಗಿಸಿದ ಅಕ್ಕಿಯನ್ನು ಕೆಂಡದಂತೆ ಕಾದ ಮರಳಿಗೆ ಸುರಿಯುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅಕ್ಕಿ ಅರಳಿ ಮಂಡಕ್ಕಿಯಾಗುತ್ತದೆ, ಕೂಡಲೇ ಜರಡಿಗೆ ಎತ್ತಿ ಮರಳನ್ನು ಉದುರಿಸಬೇಕು, ಒಂದೆರಡು ಕ್ಷಣ ತಡವಾದರೂ ಕರಕಲು. ಹೊಗೆ, ಬೂದಿ, ಬೆವರು. ಅವ್ವನದು ಜರಡಿ ಹಿಡಿದು ಚೀಲ ತುಂಬುವ ಕೆಲಸ. ಅಲ್ಲಿ ಜಪಮಾಲೆ ಹಿಡಿಯುವಂತಿರಲಿಲ್ಲ. ಅವಳು ಬೆರಳ ಗೆಣ್ಣುಗಳನ್ನೇ ಮಣಿಗಳನ್ನಾಗಿ ಮಾಡಿಕೊಂಡು, ಹೆಬ್ಬೆರಳಿನಿಂದ ಎಣಿಸುತ್ತ, “ನಮೋ ಮರಿಯೆ ವರಪ್ರಸಾದ ಪೂರ್ಣೆ” ಎಂದು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ಮುಸಲ್ಮಾನ ಹೆಂಗಸೊಬ್ಬಳು ಹಾಗೆಯೇ ತನ್ನ ಬೆರಳುಗಳ ಮೇಲೆ ತಸ್ಬಿ ಎಣಿಸುತ್ತಿದ್ದಳೆಂದೂ, ಇಬ್ಬರಲ್ಲಿ ಯಾರ ಎಣಿಕೆ ತಪ್ಪಿದರೂ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದೆವೆಂದೂ ಅವಳೇ ಹೇಳುತ್ತಿದ್ದಳು.

ಪ್ರತಿ ವರ್ಷ ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯ ಮಾತೆಯ ಹಬ್ಬಕ್ಕೆ ಅವ್ವ ನಮ್ಮಿಬ್ಬರನ್ನೂ ನಡೆಸಿಕೊಂಡು ಹೋಗುತ್ತಿದ್ದಳು. ತಮ್ಮ ಚಿಕ್ಕವನು, ಅರ್ಧ ದಾರಿಗೆ ಕಾಲು ನೋವೆಂದು ಕುಳಿತುಬಿಡುತ್ತಿದ್ದ. ಅವನನ್ನು ಬೆನ್ನ ಮೇಲೆ ಹೊರುವುದು ನನ್ನ ಪಾಲಿಗೆ ಬಂದ ಹರಕೆ. ಒಂದು ವರ್ಷ, ಅಪ್ಪನ ಕೆಲಸ ಹೋದ ವರ್ಷ, ಮನೆಯಲ್ಲಿ ಮರುದಿನಕ್ಕೆ ಅಕ್ಕಿ ಇಲ್ಲವೆಂದು ನನಗೆ ಗೊತ್ತಿತ್ತು. ಅವ್ವ ತುಂಗಭದ್ರೆಯ ದಂಡೆಯಲ್ಲಿ ಕುಳಿತು ಕಡ್ಲೆಪುರಿ ಹಂಚುತ್ತ ಹಾಡು ಗುನುಗುತ್ತಿದ್ದಳು. “ನಾಳೆಗೆ ಏನವ್ವ?” ಎಂದು ಕೇಳಿದೆ. “ದೇವ್ರು ಚೀಲ ತುಂಬಿ ಕೊಡಲ್ಲಪ್ಪ, ಆವತ್ತಿಂದು ಆವತ್ತಿಗೆ ಕೊಡ್ತಾನೆ” ಎಂದಳು. ಇಸ್ರಯೇಲರು ಮರಳುಗಾಡಿನಲ್ಲಿ ಮನ್ನವನ್ನು ನಾಳೆಗೆಂದು ಎತ್ತಿಟ್ಟಾಗ ಅದು ಹುಳ ಬಿದ್ದು ನಾರಿತೆಂದು ವಿಮೋಚನಕಾಂಡದಲ್ಲಿದೆ. ಅವ್ವ ಓದು ಬಲ್ಲವಳಲ್ಲ. ಅದನ್ನು ಗುರುಗಳ ಪ್ರಸಂಗದಲ್ಲಿ, ಅಂದರೆ ಚರ್ಚಿನ ಪ್ರವಚನದಲ್ಲಿ, ಕೇಳಿದ್ದಳೋ, ಹೊಟ್ಟೆಯಿಂದ ಕಲಿತಿದ್ದಳೋ ಹೇಳಲಾರೆ.

ಪರಲೋಕ ಎಂಬ ನಮ್ಮ ಪದವೇ ಸ್ವಲ್ಪ ಮಟ್ಟಿಗೆ ದಾರಿ ತಪ್ಪಿಸುತ್ತದೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಪರ ಎಂದೊಡನೆ ಅದು ಆಚೆಯದು, ಸತ್ತ ಮೇಲಿನದು ಎಂದುಕೊಳ್ಳುತ್ತೇವೆ. ಆದರೆ ಪ್ರಭು ಕಲಿಸಿದ ಜಪದಲ್ಲಿ ಪರಲೋಕದಲ್ಲಿ ಆಗುವಂತೆ ಭೂಲೋಕದಲ್ಲಿಯೂ ಆಗಲಿ ಎಂದು ಕೇಳಿದ ಮರುಸಾಲಿನಲ್ಲೇ ಅನ್ನದ ಮಾತು ಬರುತ್ತದೆ, ಅದರ ಮರುಸಾಲಿನಲ್ಲಿ ಕ್ಷಮೆಯ ಮಾತು. ನಮ್ಮ ಸಾಹುಕಾರರು ಲಿಂಗಾಯತರು. ಅವರ ಗಾದಿಯ ಹಿಂದಿನ ಗೋಡೆಯ ಮೇಲೆ ‘ಕಾಯಕವೇ ಕೈಲಾಸ’ ಎಂಬ ಫಲಕವಿದೆ. ದೀಪಾವಳಿಗೆ ಅವರು ಹೊಸ ಕಿರ್ದಿಗೆ ಪೂಜೆ ಮಾಡುವಾಗ ನಾನು ಕೈಕಟ್ಟಿ ಪಕ್ಕದಲ್ಲಿ ನಿಂತಿರುತ್ತೇನೆ, ಅವರು ನನಗೆ ಮೊದಲ ಸಕ್ಕರೆ ಕೊಡುತ್ತಾರೆ. ಅವರ ಕೈಲಾಸವೂ ನನ್ನ ಪರಲೋಕವೂ ಒಂದೇ ಎಂದು ನಾನು ಹೇಳಲಾರೆ, ಹಾಗೆ ಹೇಳಿದರೆ ಇಬ್ಬರಿಗೂ ಅನ್ಯಾಯವಾದೀತು. ಆದರೆ ಅದು ಬರುವುದಿದ್ದರೆ ಈ ತಕ್ಕಡಿ, ಈ ಪಟ್ಟಿ, ಈ ಬಾಕಿಗಳ ನಡುವೆಯೇ ಬರಬೇಕು ಎಂಬಲ್ಲಿ ನಮ್ಮಿಬ್ಬರಿಗೂ ಜಗಳವಿಲ್ಲ.

ಮತ್ತಾಯನ ಶುಭಸಂದೇಶದ 18ನೆಯ ಅಧ್ಯಾಯದಲ್ಲಿ ಪ್ರಭು ಹೇಳಿದ ಒಂದು ಲೆಕ್ಕದ ಕಥೆಯಿದೆ. ಒಬ್ಬ ಸೇವಕ ಅರಸನಿಗೆ 10,000 ತಲಾಂತು ಬಾಕಿ ಇದ್ದ, ಕಾಲಿಗೆ ಬಿದ್ದ, ಅರಸ ಕನಿಕರಪಟ್ಟು ಸಾಲವನ್ನೆಲ್ಲ ಬಿಟ್ಟುಬಿಟ್ಟ. ಅದೇ ಸೇವಕ ಹೊರಗೆ ಬಂದು, ತನಗೆ 100 ದಿನಾರಿ ಕೊಡಬೇಕಾಗಿದ್ದ ಜೊತೆಗಾರನ ಕುತ್ತಿಗೆ ಹಿಡಿದ. ಈ ಕಥೆಯನ್ನು ಎಷ್ಟೋ ಸಲ ಕೇಳಿದ್ದೆ. 2022ರ ಜುಲೈನ ಒಂದು ಭಾನುವಾರ ಪ್ರಸಂಗದಲ್ಲಿ ಮತ್ತೆ ಕೇಳಿದಾಗ, ಹುಟ್ಟುಗುಣ ಬಿಡದೆ ಮನೆಗೆ ಬಂದು ಕಾಗದ ತೆಗೆದು ಲೆಕ್ಕ ಹಾಕಿದೆ. ಒಂದು ದಿನಾರಿಯೆಂದರೆ ಒಂದು ದಿನದ ಕೂಲಿ. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಹಾಗಾದರೆ 10,000 ತಲಾಂತಿಗೆ 6 ಕೋಟಿ ದಿನಗಳ ಕೂಲಿ. ವರ್ಷಕ್ಕೆ 300 ದಿನ ದುಡಿದರೆ 2 ಲಕ್ಷ ವರ್ಷ. ಎರಡು ಸಾಲಗಳನ್ನು ಪಕ್ಕಪಕ್ಕ ಇಟ್ಟರೆ ಮೊದಲಿನದು ಎರಡನೆಯದರ 6 ಲಕ್ಷ ಪಟ್ಟು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ದೊಡ್ಡ ಅಂಕಿಯಲ್ಲ, ಸಣ್ಣದು. ಪ್ರಸಂಗ ಮಾಡುವವರು ಸಾಮಾನ್ಯವಾಗಿ ಆ 100 ದಿನಾರಿಯನ್ನು ಚಿಲ್ಲರೆ ಎಂಬಂತೆ ತಳ್ಳಿಬಿಡುತ್ತಾರೆ. ಅದು ಚಿಲ್ಲರೆಯಲ್ಲ. ನೂರು ದಿನದ ಕೂಲಿ, ಮೂರು ತಿಂಗಳಿಗೂ ಮೀರಿದ ದುಡಿಮೆ. ನಮ್ಮ ಯಾರ್ಡಿನ ಯಾವ ಹಮಾಲನೂ ಅದನ್ನು ಬಿಟ್ಟುಕೊಡುವಾಗ ಮೈ ನಡುಗದೆ ಬಿಟ್ಟುಕೊಡಲಾರ. ನನ್ನ 1,80,000 ಸಣ್ಣ ಮೊತ್ತವೆಂದು ಪ್ರಭು ಎಲ್ಲಿಯೂ ಹೇಳಲಿಲ್ಲ. ಕ್ಷಮಿಸು ಎಂದವರು ನನ್ನ ನಷ್ಟವನ್ನು ನಷ್ಟವೆಂದೇ ಲೆಕ್ಕಕ್ಕೆ ಹಿಡಿದಿದ್ದರು. ಇದು ತಿಳಿದಾಗ ನನಗೆ ಆದ ಸಮಾಧಾನ ವಿಚಿತ್ರವಾದದ್ದು, ಯಾರೋ ಹಿರಿಯರು ಪಂಚಾಯಿತಿಯಲ್ಲಿ ನನ್ನ ದೂರನ್ನು ಪೂರ್ತಿ ಕೇಳಿಸಿಕೊಂಡರು ಎಂಬಂತೆ. ಕೇಳಿಸಿಕೊಂಡ ಮೇಲೆ ಅವರು ನನ್ನ ಖಾತೆಯನ್ನೂ ತೆರೆದು ಮುಂದಿಟ್ಟರು ಎಂಬುದು ಬೇರೆ. ಮೂಲ ಗ್ರೀಕಿನಲ್ಲಿ, ನಾವು ‘ತಪ್ಪುಗಳನ್ನು ಕ್ಷಮಿಸು’ ಎಂದು ಹೇಳುವ ಕಡೆ ಮತ್ತಾಯನು ಬಳಸಿರುವ ಪದಕ್ಕೆ ಸಾಲ ಎಂದೇ ಅರ್ಥ. ಎಷ್ಟು ಸಾವಿರ ಸಲ ಆ ಜಪ ಹೇಳಿದ್ದೆನೋ, ಅಷ್ಟು ಸಾವಿರ ಸಲ ನನ್ನ ಬೀರುವಿನ ಪುಸ್ತಕದ ಮಾತನ್ನೇ ಆಡಿದ್ದೆ.

ಆಗಸ್ಟ್‌ನಲ್ಲಿ ಅವ್ವನ ಮೂರನೆಯ ವರ್ಷದ ಪೂಜೆ. ತಮ್ಮ ಬರುತ್ತಾನೆಂದು ನನಗೆ ಗೊತ್ತಿರಲಿಲ್ಲ. ಕಾಣಿಕೆಯ ಹೊತ್ತಿಗೆ ಹಿಂದಿನಿಂದ ಒಂದು ಕೆಮ್ಮು ಕೇಳಿಸಿತು. ಅಪ್ಪನ ಕೆಮ್ಮು ಅದು. ಅಪ್ಪನಿಲ್ಲದ ಮೇಲೆ ಆ ಕೆಮ್ಮು ಲೋಕದಲ್ಲಿ ಒಬ್ಬನಿಗೆ ಮಾತ್ರ ಇದೆ. ನಾನು ತಿರುಗಿ ನೋಡಲಿಲ್ಲ. ನಮ್ಮ ಆರಾಧನಾ ವಿಧಿಯಲ್ಲಿ ಪರಲೋಕದಲ್ಲಿರುವ ನಮ್ಮ ತಂದೆಯೇ ಎಂಬ ಜಪ ಮುಗಿದ ಮೇಲೆ, ಪರಮಪ್ರಸಾದಕ್ಕೆ ಮೊದಲು, ಶಾಂತಿಯನ್ನು ಪರಸ್ಪರ ಹಂಚಿಕೊಳ್ಳುವ ಒಂದು ಚಿಕ್ಕ ಆಚರಣೆಯಿದೆ. ಯೂರೋಪಿನಲ್ಲಿ ಕೈಕುಲುಕುತ್ತಾರಂತೆ. ನಮ್ಮ ದೇಶದ ಧರ್ಮಾಧ್ಯಕ್ಷರು (ಬಿಷಪ್‌ಗಳು) ಕೇಳಿಕೊಂಡ 12 ಮಾರ್ಪಾಡುಗಳಿಗೆ 1969ರಲ್ಲಿ ರೋಮ್ ಒಪ್ಪಿಗೆ ಕೊಟ್ಟಾಗ, ಕೈಮುಗಿದು ಶಾಂತಿ ಕೋರಬಹುದು, ಇಲ್ಲವೆ ತನ್ನ ಕೈಗಳನ್ನು ಇನ್ನೊಬ್ಬರ ಕೈಗಳ ನಡುವೆ ಇಡಬಹುದು ಎಂದು ಗೊತ್ತಾಯಿತು. ಕೈಮುಗಿಯುವುದು ಉಳಿಯಿತು, ಎರಡನೆಯದನ್ನು ನಮ್ಮ ಕಡೆ ಯಾರೂ ಮಾಡಿದ್ದನ್ನು ನಾನು ನೋಡಿರಲಿಲ್ಲ. ಕೈಮುಗಿಯುವುದರಲ್ಲಿ ಒಂದು ಅನುಕೂಲವಿದೆ. ಎದುರಿಗಿರುವವರ ಮುಖ ನೋಡದೆಯೂ ಮಾಡಿ ಮುಗಿಸಬಹುದು. ಮೂರು ವರ್ಷ ನಾನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಗೆ ಕೈಮುಗಿದು ಮುಗಿಸಿದ್ದೆ.

ಅಂದು ಗುರುಗಳು ಶಾಂತಿಯನ್ನು ಹಂಚಿಕೊಳ್ಳಿರಿ ಎಂದಾಗ ನಾನು ಹಿಂದಕ್ಕೆ ತಿರುಗಿದೆ. ತಿರುಗಬೇಕೆಂದು ನಿಶ್ಚಯಿಸಿ ತಿರುಗಿದೆನೆಂದು ಹೇಳಿಕೊಳ್ಳುವಷ್ಟು ಒಳ್ಳೆಯವನಲ್ಲ ನಾನು, ಆ ಕೆಮ್ಮು ತಿರುಗಿಸಿತು. ತಮ್ಮ ತೆಳ್ಳಗಾಗಿದ್ದ. ಕೋವಿಡ್ ಕಾಲದಲ್ಲಿ ಗಾಡಿ ನಿಂತುಹೋಗಿ, ಕಂತು ಕಟ್ಟಲಾಗದೆ, ಕೊನೆಗೆ ಗಾಡಿಯನ್ನೇ ಕೈಬಿಟ್ಟಿದ್ದನೆಂದು ಬೇರೆಯವರ ಬಾಯಿಂದ ಕೇಳಿದ್ದೆ. ನಾನು ಕೈಮುಗಿದೆ. ಅವನು ಮುಗಿಯಲಿಲ್ಲ. ಬೆಂಚಿನ ಮೇಲಿಂದ ಎರಡೂ ಕೈ ಚಾಚಿ, ನನ್ನ ಮುಗಿದ ಕೈಗಳನ್ನು ಬಿಡಿಸಿ, ಅವುಗಳ ನಡುವೆ ತನ್ನ ಕೈಗಳನ್ನು ಇಟ್ಟುಬಿಟ್ಟ. 1969ರ ಅನುಮತಿಯ ಸುದ್ದಿ ಅವನಿಗೆ ಗೊತ್ತಿರಲು ಸಾಧ್ಯವೇ ಇಲ್ಲ. ಹರಿಹರದ ದಾರಿಯಲ್ಲಿ ಕಾಲು ನೋವೆಂದು ಕೂತಾಗ ಎಬ್ಬಿಸಿಕೋ ಎಂದು ಅವನು ಕೈಕೊಡುತ್ತಿದ್ದದ್ದೇ ಹಾಗೆ. ಅಂಗೈ ಒರಟಾಗಿತ್ತು, ಒಂದು ಉಗುರು ಕಪ್ಪಾಗಿತ್ತು. ಇಬ್ಬರೂ ಮಾತಾಡಲಿಲ್ಲ, ಅಷ್ಟರಲ್ಲಿ ಗಾಯಕರು ಮುಂದಿನ ಹಾಡು ಎತ್ತಿಕೊಂಡರು.

ಅಂದು ಅವನು ನಮ್ಮ ಮನೆಯಲ್ಲಿ ಉಂಡ. ರಾತ್ರಿ ನಾನು ಬೀರುವಿನ ಪುಸ್ತಕ ತೆಗೆದೆ. ಅಸಲು 1,80,000, ಬಡ್ಡಿ 62 ತಿಂಗಳಿಗೆ 1,11,600, ಒಟ್ಟು 2,91,600. ಖಾತೆ ಮುಚ್ಚಲು ನಮ್ಮ ವೃತ್ತಿಯಲ್ಲಿ ಎರಡು ದಾರಿಗಳಿವೆ. ಒಂದು ‘ವಜಾ’, ಅಂದರೆ ಬರಲಾರದೆಂದು ಕೊಟ್ಟವನೇ ನಷ್ಟಕ್ಕೆ ಹಾಕಿ ಬಿಟ್ಟುಬಿಡುವುದು. ವಜಾ ಮಾಡಿದ ಬಾಕಿಯನ್ನು ಮಂಡಿಯಲ್ಲಿ ಯಾರೂ ಮರೆಯುವುದಿಲ್ಲ. ಹತ್ತು ವರ್ಷವಾದರೂ ಆ ರೈತ ಬಂದಾಗ ಸಾಹುಕಾರರು ಒಂದು ಹುಬ್ಬು ಏರಿಸಿಯೇ ಮಾತಾಡಿಸುತ್ತಾರೆ. ಇನ್ನೊಂದು ‘ಚುಕ್ತಾ’, ಅಂದರೆ ಸಲ್ಲಬೇಕಾದದ್ದು ಸಂದಿತು ಎಂದು. ವಜಾ ಎಂದು ಬರೆಯಲು ನನಗೆ ಮನಸ್ಸಾಗಲಿಲ್ಲ. ಚುಕ್ತಾ ಎಂದು ಬರೆಯುವುದು ಸುಳ್ಳು. ಹಣ ಬಂದಿಲ್ಲ, ರಸೀದಿಯಿಲ್ಲ. 31 ವರ್ಷಗಳ ಮಾತನ್ನು ಮೇಲೆ ಹೇಳಿದೆನಲ್ಲ, ಅಷ್ಟರಲ್ಲಿ ನಾನು ತಪ್ಪು ಬರೆದಿದ್ದೇನೆಯೇ ಹೊರತು ಸುಳ್ಳು ಬರೆದಿಲ್ಲ.

ಬಹಳ ಹೊತ್ತು ಪೆನ್ನು ಹಿಡಿದು ಕುಳಿತಿದ್ದೆ. ಶಾಂತಿಗೆ ಹೀಬ್ರೂ ಭಾಷೆಯಲ್ಲಿರುವ ಶಾಲೋಮ್ ಎಂಬ ಪದಕ್ಕೂ, ಸಾಲ ತೀರಿಸುವುದು, ಕೊಡಬೇಕಾದದ್ದನ್ನು ಕೊಟ್ಟು ಮುಗಿಸುವುದು ಎಂಬ ಅರ್ಥದ ಕ್ರಿಯಾಪದಕ್ಕೂ ಧಾತು ಒಂದೇ ಎಂದು ಒಬ್ಬ ಗುರುಗಳು ಹಿಂದೆ ಹೇಳಿದ್ದು ನೆನಪಾಯಿತು; ಒಡಕಿಲ್ಲದೆ ಪೂರ್ತಿಯಾಗಿರುವುದು ಅದರ ಮೂಲ ಅರ್ಥ. ನಮ್ಮ ಸಮಾಧಾನವೂ ದೂರದ್ದಲ್ಲ, ಚೆಲ್ಲಿದ್ದನ್ನು ಒಟ್ಟುಗೂಡಿಸಿ ನೆಲೆಗೊಳಿಸುವುದು ಎಂಬ ಭಾವ ಅದರೊಳಗಿದೆ. ಆಮೇಲೆ ಅಪ್ಪನ ಕಾಲದ ಹಳೆಯ ಸತ್ಯವೇದ ನೆನಪಾಯಿತು. ಯೋಹಾನನು ಬರೆದಂತೆ, ಶಿಲುಬೆಯ ಮೇಲೆ ಪ್ರಾಣ ಬಿಡುವಾಗ ಯೇಸು ಆಡಿದ ಕೊನೆಯ ಮಾತು ಅವನ ಶುಭಸಂದೇಶದ 19ನೆಯ ಅಧ್ಯಾಯದ 30ನೆಯ ವಚನದಲ್ಲಿದೆ. ಆ ಹಳೆಯ ಭಾಷಾಂತರದಲ್ಲಿ ಅದು ಒಂದೇ ಪದ: “ತೀರಿತು.” ಭಾಷಾಂತರಿಸಿದವರು ಎಷ್ಟು ಯೋಚಿಸಿ ಆ ಪದವನ್ನು ಇಟ್ಟರೋ ಕಾಣೆ. ಕನ್ನಡದಲ್ಲಿ ಕೆಲಸ ತೀರುತ್ತದೆ, ಮನುಷ್ಯ ತೀರಿಕೊಳ್ಳುತ್ತಾನೆ, ಸಾಲ ತೀರುತ್ತದೆ. ಮೂರಕ್ಕೂ ಅದೊಂದೇ ಮಾತು. ಯಾರೋ ಕೊಟ್ಟಿದ್ದಾರೆ, ಕೊಟ್ಟವನು ನನ್ನ ತಮ್ಮನಲ್ಲ, ಅಷ್ಟೆ. ಚುಕ್ತಾ ಎಂದು ಬರೆದು, ವಿವರದ ಅಂಕಣದಲ್ಲಿ ರಸೀದಿಯ ನಂಬರು ಬರೆಯುವ ಕಡೆ ‘ಯೋಹಾನ 19:30’ ಎಂದು ಬರೆದು, ಎರಡು ಗೆರೆ ಎಳೆದೆ. ಯಾವ ಆಡಿಟರೂ ಅದನ್ನು ಒಪ್ಪಲಾರರು.

ಅಂದಿನಿಂದ ನನಗೆ ಅಶಾಂತಿಯೇ ಇಲ್ಲವೆಂದು ಬರೆದರೆ ಈ ಬರಹವನ್ನು ಇಲ್ಲಿಗೇ ಮುಗಿಸಬಹುದಿತ್ತು. ಹಾಗಾಗಲಿಲ್ಲ. ಮೂರು ತಿಂಗಳು ಚೆನ್ನಾಗಿ ನಿದ್ದೆ ಬಂತು. ಆಮೇಲೆ ಮಗನ ಕೊನೆಯ ಸೆಮಿಸ್ಟರಿನ ಫೀಸು ಕಟ್ಟಲು ಹೆಂಡತಿಯ ಬಳೆ ಅಡವಿಡಬೇಕಾಯಿತು. ಅದೇ ವಾರ ತಮ್ಮ ಹೊಸ ಮೊಬೈಲು ಕೊಂಡನೆಂದು ಯಾರೋ ಹೇಳಿದರು. ರಾತ್ರಿ ಮೂರು ಗಂಟೆಗೆ ಮತ್ತೆ ಎಚ್ಚರ, ಮನಸ್ಸಿನಲ್ಲಿ 2,91,600 ಎಂಬ ಅಂಕಿ ಅಚ್ಚು ಹೊಡೆದಂತೆ.

ಮರುವರ್ಷ ಬೇಸಿಗೆಯಲ್ಲಿ ಚಿತ್ರದುರ್ಗಕ್ಕೆ ಹೋದಾಗ ತಮ್ಮನ ಮಗಳು ಹಟ ಹಿಡಿದು ನಮ್ಮಿಬ್ಬರನ್ನೂ ಕೋಟೆ ಹತ್ತಿಸಿದಳು. ಏಳು ಸುತ್ತಿನ ಕೋಟೆ ಎಂದು ಪ್ರಸಿದ್ಧವಾದದ್ದು. ಒಂದು ಬಾಗಿಲು ದಾಟಿದರೆ ದಾರಿ ಥಟ್ಟನೆ ತಿರುಗಿ ಇನ್ನೊಂದು ಗೋಡೆಯ ಕೆಳಗೆ ನಿಲ್ಲಿಸುತ್ತದೆ. ಕೊನೆಗೆ ಓಬವ್ವನ ಕಿಂಡಿಗೆ ಬಂದೆವು. ಕಥೆ ನಮ್ಮ ಸೀಮೆಯ ಮಕ್ಕಳಿಗೆಲ್ಲ ಬಾಯಿಪಾಠ. ಹೈದರಾಲಿಯ ಮುತ್ತಿಗೆಯ ಕಾಲ. ಕಾವಲಿನವನಾದ ಕಹಳೆಯ ಮುದ್ದಹನುಮ ಊಟಕ್ಕೆಂದು ಮನೆಗೆ ಬಂದಿದ್ದಾನೆ. ಅವನ ಹೆಂಡತಿ ಓಬವ್ವ ನೀರಿಗೆ ಹೋದವಳು ಬಂಡೆಯ ಸಂದಿನಲ್ಲಿ ವೈರಿಗಳು ನುಸುಳುವುದನ್ನು ಕಂಡು, ಉಣ್ಣುತ್ತಿದ್ದ ಗಂಡನನ್ನು ಎಬ್ಬಿಸದೆ, ಮನೆಯಲ್ಲಿದ್ದ ಒನಕೆ ತಂದು ನಿಂತಳು. ಮಗು ಕಿಂಡಿಯೊಳಗೆ ಇಣುಕಿ ನೋಡಿ, “ದೊಡ್ಡಪ್ಪ, ಅಷ್ಟು ದೊಡ್ಡ ದೊಡ್ಡ ಬಾಗ್ಲು ಬಿಟ್ಟು ಇಲ್ಲಿಂದ ಬಂದ್ರಾ?” ಎಂದು ಕೇಳಿತು.

ಸಂತ ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ, ಎಲ್ಲ ಗ್ರಹಿಕೆಯನ್ನೂ ಮೀರುವ ದೇವಶಾಂತಿಯು ನಿಮ್ಮ ಹೃದಯಗಳನ್ನೂ ಯೋಚನೆಗಳನ್ನೂ ಕಾಯುವುದು ಎಂಬ ಮಾತಿದೆ. ಆ ‘ಕಾಯುವುದು’ ಎಂಬುದು ದನ ಕಾಯುವ, ಬಸ್ಸಿಗೆ ಕಾಯುವ ಮಾತಲ್ಲ. ಗ್ರೀಕಿನಲ್ಲಿ ಅದು ಸೈನ್ಯದ ಪದ, ಊರಿಗೆ ಕಾವಲು ದಂಡು ಇಟ್ಟು ಕಾಪಾಡುವುದು. ಪೌಲನು ಅದನ್ನು ಬರೆದದ್ದು ಸೆರೆಯಲ್ಲಿ, ಸುತ್ತ ಕಾವಲುಗಾರರು ಇದ್ದಾಗ. ಅವನಿಗೆ ಕಾವಲೆಂದರೇನು ಎಂದು ಚೆನ್ನಾಗಿ ಗೊತ್ತಿತ್ತು. ನಾನು ಇಷ್ಟು ವರ್ಷ ಶಾಂತಿಯೆಂದರೆ ಕೆರೆಯ ನೀರಿನಂಥ ಸ್ಥಿತಿ ಎಂದುಕೊಂಡಿದ್ದೆ. ಪೌಲ ಹೇಳುವುದು ಕೋಟೆಯ ಮೇಲೆ ಗಸ್ತು ತಿರುಗುವ ಒಬ್ಬನ ಬಗ್ಗೆ. ಕೋಟೆಯ ಒಳಗಿನವರು ನಿದ್ದೆ ಮಾಡಬಲ್ಲರು, ವೈರಿ ಇಲ್ಲವೆಂದಲ್ಲ, ಎಚ್ಚರವಿರುವವನು ಇದ್ದಾನೆಂದು. ಮತ್ತು ನನ್ನೊಳಗೆ ಕಹಿ ನುಗ್ಗಿದ್ದು ಎಂದೂ ಮಹಾದ್ವಾರದಿಂದಲ್ಲ. ಮೊಬೈಲು, ಬಳೆ, ಯಾರೋ ಆಡಿದ ಮಾತು, ಇಂಥ ಒಬ್ಬಾಳು ತೂರುವ ಕಿಂಡಿಗಳಿಂದಲೇ. ಆಗೆಲ್ಲ ದೊಡ್ಡ ಜಪ ತಪಗಳಿಗೆ ಪುರುಸೊತ್ತಿರುವುದಿಲ್ಲ. ಈಗೀಗ ನಾನು ಮೂರು ಗಂಟೆಗೆ ಎಚ್ಚರವಾದರೆ ಕತ್ತಲಲ್ಲೇ ಹೆಬ್ಬೆರಳನ್ನು ತೋರುಬೆರಳಿನ ಮೊದಲ ಗೆಣ್ಣಿಗೆ ಇಡುತ್ತೇನೆ. ಅವ್ವನಿಗೆ ಜಪಮಾಲೆ ಹಿಡಿಯಲಾಗದ ಭಟ್ಟಿಯಲ್ಲಿ ಸಿಕ್ಕ ಒನಕೆ ಅದು. ಕೆಲವು ರಾತ್ರಿ ಹತ್ತು ಗೆಣ್ಣಿಗೆ ನಿದ್ದೆ ಬರುತ್ತದೆ, ಕೆಲವು ರಾತ್ರಿ ಐವತ್ತಕ್ಕೂ ಬರುವುದಿಲ್ಲ.

ಕೋಟೆ ಇಳಿಯುವಾಗ, ಮಗಳು ಮುಂದೆ ಓಡಿದ ಮೇಲೆ, ದೂರದ ಗುಡ್ಡಗಳ ಮೇಲೆ ತಿರುಗುತ್ತಿದ್ದ ಗಾಳಿಯಂತ್ರಗಳನ್ನು ನೋಡುತ್ತ ತಮ್ಮ ಕೇಳಿದ: “ಅಣ್ಣ, ಆ ದುಡ್ಡು...” ನಾನು, “ಅದು ತೀರಿತು ಬಿಡಪ್ಪ” ಎಂದೆ. ಅವನ ಮುಖ ಅರಳುತ್ತದೆಂದು ಕಾದೆ. ಅರಳಲಿಲ್ಲ. “ಹೆಂಗೆ ತೀರುತ್ತೆ? ನಾನು ಕೊಡ್ತೀನಿ ಅಂತಿದೀನಲ್ಲ” ಎಂದು ಸ್ವಲ್ಪ ಸಿಟ್ಟಿನಿಂದಲೇ ಹೇಳಿದ. ಕ್ಷಮೆ ಕೂಡ ಎದುರಿನವನಿಗೆ ತಗಲಬಹುದು, ಮೇಲಿನಿಂದ ಬಿದ್ದ ಕಲ್ಲಿನಂತೆ. ಇದನ್ನು ನಾನು ಯೋಚಿಸಿರಲಿಲ್ಲ. ಪುನರುತ್ಥಾನದ ದಿನ ಹೆದರಿ ಬಾಗಿಲು ಹಾಕಿಕೊಂಡಿದ್ದ ಶಿಷ್ಯರ ನಡುವೆ ಬಂದು ನಿಂತು ನಿಮಗೆ ಸಮಾಧಾನವಾಗಲಿ ಎಂದ ಪ್ರಭು, ಅವರು ಬಿಟ್ಟು ಓಡಿಹೋದ ಮಾತನ್ನು ಎತ್ತಲಿಲ್ಲ, ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಹೇಳಿಕೊಳ್ಳಲೂ ಇಲ್ಲ. ಕೈಯ ಗಾಯ ತೋರಿಸಿದರು, ಕೆಲಸ ಒಪ್ಪಿಸಿದರು. ನಾನು ತಮ್ಮನಿಗೆ ಮರುಮಾತು ಹೇಳದೆ, “ಬಾ, ಎಲ್ಲಾದ್ರೂ ಚಾ ಕುಡಿಯೋಣ” ಎಂದೆ. ಚಹಾದ ದುಡ್ಡು ಅವನೇ ಕೊಟ್ಟ.

ಕಳೆದ ತಿಂಗಳು, ಸಂಜೆ ಕಿರ್ದಿ ಕೂಡಿಸುತ್ತಿದ್ದಾಗ ಮೊಬೈಲು ಸದ್ದು ಮಾಡಿತು. ಫೋನ್‌ಪೇಯಲ್ಲಿ 5,000 ರೂಪಾಯಿ, ತಮ್ಮನ ಹೆಸರಿನಿಂದ, ಜೊತೆಗೆ ಒಂದು ಅಕ್ಷರವೂ ಇಲ್ಲ. ಮೊದಲು ಕಿರ್ದಿ ಮುಗಿಸಿದೆ, ಅಂದು ಒಂದೇ ಸಲಕ್ಕೆ ತಾಳೆಯಾಯಿತು. ಮನೆಗೆ ಬಂದು ಬೀರು ತೆರೆದು ಆ ಪುಸ್ತಕ ಹೊರತೆಗೆದೆ. ಎರಡು ಗೆರೆ ಎಳೆದು ಮುಚ್ಚಿದ ಖಾತೆಗೆ ಜಮಾ ಬರೆಯುವ ಕ್ರಮ ನಾನು ಕಲಿತ ಲೆಕ್ಕದಲ್ಲಿಲ್ಲ. ವಾಪಸು ಕಳಿಸಿದರೆ ಅವನು ಮತ್ತೆ ಎಲೆಯ ಮುಂದಿನಿಂದ ಎದ್ದಂತಾಗುತ್ತದೆ. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದವನನ್ನು ನೋಡಿ ಹೆಂಡತಿ ಏನೆಂದು ಕೇಳಿದಳು. ಇಷ್ಟು ವರ್ಷ ಅವಳಿಂದ ಮುಚ್ಚಿಟ್ಟಿದ್ದ ಪುಸ್ತಕ ಅದು, ತೋರಿಸಿದೆ. ಅವಳು ಬಡ್ಡಿಯ ಸಾಲುಗಳ ಮೇಲೆ ಒಮ್ಮೆ ಕಣ್ಣಾಡಿಸಿ, ಏನೂ ಅನ್ನದೆ, ಒಲೆಯ ಮೇಲಿನ ಹಾಲು ಉಕ್ಕೀತೆಂದು ಒಳಗೆ ಹೋದಳು. ಅಲ್ಲಿಂದಲೇ ಕೂಗಿ ಹೇಳಿದಳು: “ಹುಡುಗಿ ಪಿಯುಸಿಗೆ ಬಂದಳಲ್ಲ, ಅವಳ ಹೆಸರಲ್ಲಿ ಒಂದು ಹೊಸ ಖಾತೆ ತೆಗೀರಿ.”